ಐದು ನಿಮಿಷ ಬಿಸಿಯಾಗಲಿ

ಬೈಕು ಸ್ಟಾರ್ಟ್ ಮಾಡಿದ ಕೂಡಲೇ ಹೊರಟುಬಿಡುವವರಿಗೆ ಇಂಥದ್ದೆಲ್ಲ ಆಗುವುದಿಲ್ಲ. ನಾನು ಐದು ನಿಮಿಷ ಎಂಜಿನ್ ಬಿಸಿ ಮಾಡಿಯೇ ಹೊರಡುವವನು. ಹಾಗಾಗಿ ನನಗೆ ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ.

ನಾನು ದನದ ಡಾಕ್ಟರು. ಮನೆ ಕೋಟೇಶ್ವರದಲ್ಲಿ. ಕರೆ ಬಂದಲ್ಲಿಗೆಲ್ಲ ನಾನೂ ನನ್ನ ಇಪ್ಪತ್ತೆರಡು ವರ್ಷದ ಬೈಕೂ ಹೋಗಬೇಕು. ತಣ್ಣಗಿನ ಎಂಜಿನ್ನಿನಲ್ಲಿ ಆಯಿಲ್ ತಳದಲ್ಲೇ ಇರುತ್ತದೆ, ಅದು ಮೇಲೆ ಬರಲು ಬಿಡಿ ಎಂದು ಮೊದಲ ಸರ್ವಿಸ್ಸಿನ ದಿನ ಕುಂದಾಪುರದ ಮೆಕ್ಯಾನಿಕ್ ಹೇಳಿದ್ದ. ಅವನು ಮರೆತಿದ್ದಾನೆ, ನಾನು ಮರೆತಿಲ್ಲ.

ನನ್ನ ಅತ್ತೆಗೆ, ಅಂದರೆ ಬೈಂದೂರಿನಲ್ಲಿರುವ ಹೆಂಡತಿಯ ತಾಯಿಗೆ, ಈ ಸದ್ದು ಕಂಡರಾಗದು. ಬೈಕು ಮಾರಿ ಬ್ಯಾಟರಿ ಸ್ಕೂಟರ್ ತನ್ನಿ, ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ ಎಂದು ಮಗಳನ್ನೂ ಒಪ್ಪಿಸಿದ್ದರು. ಮೊನ್ನೆ ಭಾನುವಾರ ಗಿರಾಕಿ ಬರುವುದೆಂದೂ ನಿಶ್ಚಯವಾಗಿತ್ತು. ಅದು ಹೇಗೆ ತಪ್ಪಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಮಾರುವಂಥ ಬೈಕು ಅದಲ್ಲ ಎನ್ನಲು ಮೊದಲು ಒಂದೆರಡು ಸಾಕ್ಷಿ ಬೇಕಲ್ಲ.

ಎಂಟು ಗಂಟೆ

ಎದುರು ಮನೆಯ ಮೇಷ್ಟ್ರಿಗೆ ಗಡಿಯಾರ ಬೇಡ. ನನ್ನ ಎಂಜಿನ್ ಶುರುವಾದರೆ ಅವರು ಅಂಗಿ ಹಾಕಬೇಕು, ಸದ್ದು ದೂರವಾದರೆ ಬಸ್ ಸ್ಟ್ಯಾಂಡಿಗೆ ಓಡಬೇಕು. ಒಂದು ದಿನ ನನಗೆ ಜ್ವರ ಬಂತು. ಮೇಷ್ಟ್ರು ಆರಾಮಾಗಿ ತಿಂಡಿ ತಿಂದು, ಪೇಪರು ಪೂರ್ತಿ ಓದಿ, ಬಸ್ಸು ತಪ್ಪಿಸಿಕೊಂಡರು. ಸಂಜೆ ನನ್ನನ್ನು ನೋಡಲು ಬಂದು, ಗಂಜಿ ಊಟ ಮಾಡಿ, ಚೆನ್ನಾಗಿ ಮಲಗಿ ಎಂದೆಲ್ಲ ಉಪಚಾರ ಹೇಳಿ, ಹೊರಡುವಾಗ ಬಾಗಿಲಲ್ಲಿ ನಿಂತರು.

"ಜ್ವರ ಬಂದ್ರೆ ಮನಿಕಣಿ, ಬ್ಯಾಡ ಅಂಬುದಿಲ್ಲೆ. ಎಂಟ್ ಗಂಟಿಗೆ ಎದ್ದ್ ಅದನ್ನೊಂದ್ ಸ್ಟಾರ್ಟ್ ಮಾಡಿ ಮನಿಕಣಿ."

ಬೀಜಾಡಿಯ ಉಪಕಾರ

ಕಡಲ ಬದಿಯ ಬೀಜಾಡಿಯಲ್ಲಿ ಒಂದು ಕರುವಿಗೆ ಮದ್ದು ಕೊಟ್ಟು, ಹೊರಡುವ ಮೊದಲು ಬೈಕಿನ ಮೇಲೆ ಕೂತು ಎಂಜಿನ್ ಬಿಸಿ ಮಾಡುತ್ತಿದ್ದೆ. ಬಲೆ ರಿಪೇರಿ ಮಾಡುತ್ತಿದ್ದ ಮೂವರು ನನ್ನನ್ನೇ ನೋಡುತ್ತಿದ್ದರು. ಸದ್ದು ಬರುತ್ತಿದೆ, ಗಾಡಿ ಹೋಗುತ್ತಿಲ್ಲ. ಪಾಪ ಎನಿಸಿರಬೇಕು. ಹಿಂದಿನಿಂದ ಬಂದು ಹೇಳದೆ ಕೇಳದೆ ನೂಕಿದರು. ಬೇಡ ಎಂದು ನಾನು ಕೂಗಿದ್ದು ಎಂಜಿನ್ ಸದ್ದಿಗೆ ಅವರಿಗೆ ಕೇಳಲಿಲ್ಲ. ಇಳಿಜಾರು ಮುಗಿದು ಮರಳಿನಲ್ಲಿ ಚಕ್ರ ಅರ್ಧ ಹುಗಿದ ಮೇಲೆಯೇ ನಿಂತದ್ದು.

ಮೂವರಲ್ಲಿ ಹಿರಿಯವರು ಬೆವರು ಒರೆಸಿಕೊಂಡು, ಇನ್ನು ಹೆದರಬೇಡಿ ಡಾಕ್ಟ್ರೇ, ಸ್ಟಾರ್ಟಿಂಗೇನೋ ಆಗಿದೆ ಎಂದರು.

ಸಾಲಿಗ್ರಾಮದ ನಾಯಿ

ಜನರಿಗಿಂತ ಮೊದಲು ಈ ಸದ್ದಿನ ಅರ್ಥ ತಿಳಿದುಕೊಂಡದ್ದು ದನಗಳು. ಇದು ಕೇಳಿದರೆ ಹಿಂದೆಯೇ ಸೂಜಿ ಬರುತ್ತದೆ ಎಂದು ಅವಕ್ಕೆ ಖಾತ್ರಿ. ಸಾಲಿಗ್ರಾಮದಲ್ಲಿ ಲಸಿಕೆ ಹಾಕುವಾಗ ಒಂದು ಮನೆಯಲ್ಲಿ ಬೈಕು ಬಿಸಿ ಮಾಡಿದರೆ ಮುಂದಿನ ಮನೆಯ ದನಗಳು ಬೇಲಿ ಹಾರುತ್ತಿದ್ದವು. ಕೊನೆಗೆ ಒಬ್ಬ ಯಜಮಾನರು, ಬೈಕನ್ನು ಹೈವೇ ಬದಿಯಲ್ಲೇ ಬಿಟ್ಟು ನಡೆದು ಬನ್ನಿ ಎಂದು ಕಟ್ಟಪ್ಪಣೆ ಮಾಡಿದರು.

ನಡೆದು ಹೋದೆ. ದನಗಳೆಲ್ಲ ಶಾಂತವಾಗಿ ಮೆಲುಕು ಹಾಕುತ್ತಿದ್ದವು. ಆದರೆ ಬೈಕಿನ ಜೊತೆಗೇ ನನ್ನನ್ನು ನೋಡಿ ಅಭ್ಯಾಸವಾಗಿದ್ದ ಆ ಮನೆಯ ನಾಯಿಗೆ ನಾನು ಯಾರೆಂದು ತಿಳಿಯಲಿಲ್ಲ. ಆ ದಿನ ಮೊದಲ ಇಂಜೆಕ್ಷನ್ ಆದದ್ದು ನನಗೆ.

ಅತ್ತೆಯ ಹಟ್ಟಿ

ಗಿರಾಕಿ ಬರುವ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಬೈಂದೂರಿನಿಂದ ಅತ್ತೆಯ ಫೋನು. ಕರು ಹಾಕಿ ಎರಡು ದಿನವಾದ ದನ ಹಟ್ಟಿಯಲ್ಲೇ ಬಿದ್ದಿದೆ, ಏಳುತ್ತಿಲ್ಲ. ಆ ದನವೆಂದರೆ ಅತ್ತೆಗೆ ಜೀವ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋದೆ. ಹಾಲುಜ್ವರ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಕಿವಿ ಮಂಜಿನಂತೆ ತಣ್ಣಗಾಗಿತ್ತು. ನಾನು ಹೋದಾಗ ಬೈಕಿನ ಸದ್ದಿಗೂ ಅದು ಕತ್ತು ಎತ್ತಲಿಲ್ಲ. ನರಕ್ಕೆ ಒಂದು ಬಾಟಲಿ ಕ್ಯಾಲ್ಸಿಯಂ ಕೊಟ್ಟೆ. ಅರ್ಧ ಗಂಟೆಯಾಯಿತು. ಇಬ್ಬರು ನೂಕಿದರು, ಒಬ್ಬರು ಬಾಲ ತಿರುಚಿದರು. ದನ ಮಿಸುಕಲಿಲ್ಲ. ಅತ್ತೆ ಅದರ ಕುತ್ತಿಗೆ ತಬ್ಬಿ ಅಳುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಾಗಿತ್ತು.

ಇನ್ನೊಂದು ಬಾಟಲಿ ತರೋಣವೆಂದು ಅಂಗಳಕ್ಕೆ ಬಂದೆ. ಕಿಕ್ಕರ್ ತುಳಿದೆ, ಅಭ್ಯಾಸಬಲದಿಂದ ಹಾಗೇ ನಿಂತೆ. ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ಹೊರಗೆ ಬಂದರು.

"ದನು ಸಾಯ್ತಾ ಇತ್ತ್, ನಿಮ್ಗೆ ಈಗ್ಲೂ ಅದನ್ನ್ ಬಿಸಿ ಮಾಡುದಾ?"

ನಾಚಿಕೆಯಾಗಿ, ಬೇಗ ಬಿಸಿಯಾಗಲೆಂದು ಎರಡು ಸಲ ಜೋರಾಗಿ ರೇಸ್ ಕೊಟ್ಟೆ. ಹಟ್ಟಿಯೊಳಗೆ ದಡಬಡ ಸದ್ದಾಯಿತು. ಬಾಲ ಹಿಡಿದಿದ್ದವರು ಮೊದಲು ಹೊರಗೆ ಬಂದರು, ಅವರ ಹಿಂದೆಯೇ ದನ ಬಂತು. ನನ್ನನ್ನೊಮ್ಮೆ ನೋಡಿ, ಓಲಾಡುತ್ತಲೇ ಬಾಳೆಗಿಡಗಳ ಸಂದಿಗೆ ಹೋಗಿ ಅಡಗಿತು.

ಕ್ಯಾಲ್ಸಿಯಂ ಕೆಲಸ ಮಾಡಲು ಕೆಲವೊಮ್ಮೆ ಅಷ್ಟು ಹೊತ್ತು ಬೇಕು. ಅದು ನನಗೆ ಗೊತ್ತಿತ್ತು. ಹೇಳಲಿಲ್ಲ. ನನ್ನ ಮದ್ದಿಗೆ ಬರಬೇಕಾದ ಹೆಸರನ್ನು ಇಷ್ಟು ಸಂತೋಷದಿಂದ ಬೈಕಿಗೆ ಬಿಟ್ಟುಕೊಟ್ಟದ್ದು ಇದೇ ಮೊದಲು.

ಮಧ್ಯಾಹ್ನದ ಊಟಕ್ಕೆ ಅತ್ತೆ ನನಗೆ ಎರಡು ಸಲ ಪಾಯಸ ಬಡಿಸಿದರು. ಹೆಂಡತಿ ಮೆಲ್ಲನೆ, ನಾಳೆ ಗಿರಾಕಿ ಬರುತ್ತಾನಲ್ಲ, ಆ ಬ್ಯಾಟರಿ ಸ್ಕೂಟರಿನ ವಿಚಾರ ಏನು ಮಾಡುವುದು ಎಂದು ತಾಯಿಯನ್ನು ಕೇಳಿದಳು. ಅತ್ತೆ ಸೌಟು ಹಿಡಿದೇ ಅವಳ ಕಡೆ ತಿರುಗಿದರು.

"ನಿಂಗೆ ಬುದ್ಧಿ ಇತ್ತಾ? ಶಬ್ದವೇ ಇಲ್ದಿದ್ ಸ್ಕೂಟರ್ ತಕಂಡ್ ಯಾವ್ ದನು ಏಳ್ಸುದ್?"