‘ಮುಗಿಯಿತು’ ಎಂಬ ಗುಂಡಿ

ಯಂತ್ರಗಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಲಿಕ್ಕೂ ಸ್ವಲ್ಪ ತ್ರಾಣ ಬೇಕು. ಆನ್‌ಲೈನ್ ಪಾಠ ತಯಾರಿಸುವ ಸಾಫ್ಟ್‌ವೇರ್ ನನ್ನಲ್ಲಿದ್ದ ಅಷ್ಟನ್ನೂ ಹೀರಿಬಿಟ್ಟಿದೆ. ಪುತ್ತೂರಿನ ತರಬೇತಿ ಕೇಂದ್ರವೊಂದರಲ್ಲಿ, ಮನೆಯಲ್ಲಿ ರೋಗಿಗಳ ಆರೈಕೆ ಮಾಡುವವರಿಗೆ ಮೊಬೈಲಿನಲ್ಲೇ ಕಲಿಯುವ ಪಾಠ ಮಾಡಿಕೊಡುವುದು ನನ್ನ ಕೆಲಸ. ಚಿತ್ರ ಹಾಕು, ಸ್ವರ ಕೂಡಿಸು, ಕೊನೆಯ ಪುಟದಲ್ಲಿ ‘ಮುಗಿಯಿತು’ ಎಂಬ ಗುಂಡಿ ಇಡು. ಹೇಳುವಾಗ ಇಷ್ಟೇ.

ಈ ಸಲದ ಪಾಠಕ್ಕೆ ಸ್ವರ ಕೊಟ್ಟವರು ಇಚಿಲಂಪಾಡಿಯ ಸುಮತಿಯಕ್ಕ, ನಿವೃತ್ತ ನರ್ಸ್. ಕೇಂದ್ರ ನಡೆಸುವ ನಮ್ಮ ಮೇಡಂಗೆ ಕಂಪ್ಯೂಟರಿನ ಸ್ವರವೇ ಸಾಕಿತ್ತು. ಅದು ‘ಮಗ್ಗುಲು ಬದಲಿಸಿ’ ಎಂದರೆ ಮಲಗಿದ ರೋಗಿ ಹೆದರಿ ಎದ್ದು ಓಡಿಯಾನು ಎಂದು ವಾದಿಸಿ ಸುಮತಿಯಕ್ಕನನ್ನು ಕರೆಸಿದವನು ನಾನು. ಈಗ ನೋಡಿದರೆ, ಕಂಪ್ಯೂಟರಿನ ಸ್ವರದ ಪಾಠಗಳಲ್ಲೆಲ್ಲ ಬರುವ ಗುಂಡಿ ಇದರ ಕೊನೆಯ ಪುಟದಲ್ಲಿ ಇಲ್ಲವೇ ಇಲ್ಲ. ಅದನ್ನು ಒತ್ತದೆ ಯಾರ ಪಾಠವೂ ಪೂರ್ತಿಯಾದ ಲೆಕ್ಕಕ್ಕೆ ಬರುವುದಿಲ್ಲ. “ಸೋಮವಾರದೊಳಗೆ ಸರಿಯಾಗದಿದ್ದರೆ ಕಂಪ್ಯೂಟರಿನ ಸ್ವರ ಹಾಕಿ” ಎಂದರು ಮೇಡಂ. ಅತ್ತ ಸುಮತಿಯಕ್ಕನ ಫೋನು: “ಎಂತ ಸರ್, ನನ್ನ ಪಾಠ ಬಂತಾ? ಊರಿಗೆಲ್ಲ ಹೇಳಿ ಆಯ್ತು ಮಾರಾಯ್ರೆ!” “ಸ್ವಲ್ಪ ಕೆಲಸ ಉಂಟಕ್ಕ” ಎಂದೆ.

ಕಂಪನಿಯ ಸಹಾಯವಾಣಿಯವರು ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದೆ. ತೆಗೆದು ಪುನಃ ಹಾಕಿ ಎಂದರು. ಹಾಕಿದೆ. ಅವರ ತಾಳ್ಮೆ ನನ್ನದಕ್ಕಿಂತ ಮೊದಲು ಮುಗಿಯಿತು. ಕೊನೆಗೆ ಸುಳ್ಯದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಭಾವನಿಗೆ ಫೋನ್ ಮಾಡಿದೆ. ಅವನಿಗೆ ಲೋಕದ ಸಕಲ ರೋಗಕ್ಕೂ ಫಾರ್ಮ್ಯಾಟ್ ಮಾಡುವುದೊಂದೇ ಮದ್ದು. ಆ ದಿನ ಮಾತ್ರ, ಬಹುಶಃ ಊಟದ ಹೊತ್ತಾದ್ದರಿಂದ, ಬೇರೆ ಕೇಳಿದ. “ಬಟನ್ ಬರುದು ಸ್ವರ ಮುಗಿದ ಮೇಲಲ್ವಾ ಭಾವ? ಸ್ವರ ಮುಗಿದದ್ದು ಹೌದಾ?”

ನೋಡಿದೆ. ಕೊನೆಯ ಪುಟದ ನಾಲ್ಕು ವಾಕ್ಯದ ಧ್ವನಿಮುದ್ರಣ ಅರ್ಧ ಗಂಟೆಯಷ್ಟು ಉದ್ದವಿತ್ತು! ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದೆ. ಉಳಿದದ್ದೆಲ್ಲ ಬಾಗಿಲ ಬಳಿಯ ಮಾತು, ಮೈಕಿಗೆ ದೂರವಾದ್ದರಿಂದ ಕಿವಿಗೆ ಬಿದ್ದಿರಲಿಲ್ಲ. ನಮ್ಮ ಕಡೆ ‘ಬರ್ತೇನೆ’ ಎಂದರೆ ಹೊರಟರು ಎಂದರ್ಥವಲ್ಲ, ಮುಖ್ಯ ವಿಷಯ ಇನ್ನು ಶುರು ಎಂದು. ಸುಮತಿಯಕ್ಕ ಅಷ್ಟು ಹೊತ್ತು ಎಂತ ಮಾತಾಡಿರಬಹುದು ಎಂದು ನಗುತ್ತಾ ವಾಲ್ಯೂಮ್ ಏರಿಸಿದೆ.

“ಬರ್ತೇನೆ ಸರ್” ಎಂದು ಅವರು ಚೊಕ್ಕವಾಗಿ ಹೇಳಿದ್ದರು. ಆಮೇಲಿನದೆಲ್ಲ ನಾನು. ಈ ಸಾಫ್ಟ್‌ವೇರ್ ಕೊಡುವ ಉಪದ್ರ, ನನ್ನ ಬೆನ್ನುನೋವು, ಮೇಡಂ ಅವರ ಸ್ವಭಾವ. ನಡುನಡುವೆ ಸುಮತಿಯಕ್ಕನ “ಹೌದಾ”, “ಹೊತ್ತಾಯ್ತು ಸರ್”. ತೀರಾ ಕೊನೆಗೆ ಅವರ ಸೋತ ಸ್ವರ: “ಬಸ್ಸು ಹೋಯ್ತಲ್ಲ ಸರ್. ಇನ್ನು ನಿಧಾನಕ್ಕೆ ಹೇಳಿ.”

ನನ್ನನ್ನು ಪೂರ್ತಿ ಕತ್ತರಿಸಿ ತೆಗೆದೆ. ಗುಂಡಿ ಠಣ್ಣನೆ ಬಂತು. ಸುಮತಿಯಕ್ಕನಿಗೆ ಫೋನ್ ಮಾಡಿ, ಮಾತು ಉದ್ದವಾದದ್ದೇ ತೊಂದರೆಯಾಗಿತ್ತು ಎಂದೆ.

“ಅಯ್ಯೋ ದೇವರೇ, ನಂದಾ ಸರ್?”

“ಅಲ್ಲಕ್ಕ, ನಂದು.”

“ಹಾಂ, ಹಾಗಾದ್ರೆ ಸರಿ” ಎಂದರು. ಅವರಿಗೆ ಒಂದು ಚೂರೂ ಆಶ್ಚರ್ಯವಾದಂತೆ ಕಾಣಲಿಲ್ಲ.