ಜೋನಿಬೆಲ್ಲಕ್ಕೊಂದು ಡಬ್ಬಿ

"ರಾಘವನ ಮನೆಗೆ ಏನಾದ್ರೂ ಕಳಿಸೋದಾದ್ರೆ ಬಾಳೆ ಎಲೇಲಿ ಕಟ್ಟಿ ಕಳ್ಸಿ, ಡಬ್ಬೀಲಿ ಬೇಡ. ಹೋದ ಡಬ್ಬಿ ವಾಪಸ್ ಬರಲ್ಲ" ಎಂದು ಗವಿಪುರಂನ ನಮ್ಮ ಬೀದಿಯವರು ಹೇಳುತ್ತಿದ್ದರಂತೆ. ಆ ರಾಘವ ನಾನೇ! ಈ ಕಳಂಕವನ್ನು ತೊಳೆದೇ ತೀರುತ್ತೇನೆ ಎಂದು ಶಪಥ ಮಾಡಿದವನೂ ನಾನೇ. ತೊಳೆದದ್ದು ಹೇಗೆಂದು ಕೇಳಿ.

ನಮ್ಮ ಅತ್ತೆ ತುಳಸಮ್ಮನವರು ಭಾನುವಾರ ಬರುವವರಿದ್ದರು. ಎಂಬತ್ತರ ಮೇಲಾಯಿತು, ಊಟ ಸೇರುವುದಿಲ್ಲ. ಒಂದೇ ಒಂದು ದೋಸೆ, ಅದರ ಮೇಲೆ ಧಾರಾಳವಾಗಿ ಜೋನಿಬೆಲ್ಲ. ಅಷ್ಟಿದ್ದರೆ ಅವರ ಮುಖ ಅರಳುತ್ತದೆ. "ಜೋನಿಬೆಲ್ಲದ ಜವಾಬ್ದಾರಿ ನಂದು" ಎಂದು ಹೆಂಡತಿ ಸುಪ್ರಜಾಗೆ ಎದೆ ತಟ್ಟಿ ಹೇಳಿ, ಅಕ್ಕಿಪೇಟೆಯಿಂದ ಹತ್ತು ಕೆ.ಜಿ.ಯ ತಗಡಿನ ಡಬ್ಬ ಹೊತ್ತು ತಂದೆ. ತೆರೆದ ಮೇಲೆ ತಗಡಿನಲ್ಲಿ ಇಡಬೇಡಿ ಎಂದ ಅಂಗಡಿಯವರು, ಯಾತರಲ್ಲಿ ಇಡಬೇಕೆಂದು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಸುಪ್ರಜಾ ಅಮ್ಮನನ್ನು ಕರೆತರಲು ಮೆಜೆಸ್ಟಿಕ್‌ಗೆ ಹೋದಳು. ನಾನು ಸಂಶೋಧನೆಗೆ ಇಳಿದೆ. ಬೂಷ್ಟು ಹಿಡಿಯಬಾರದೆಂದು ಮೊದಲು ಬೆಲ್ಲವನ್ನು ಕುದಿಸಿದೆ. ಗಾಜೇ ಶ್ರೇಷ್ಠ ಎಂದಿತು ಮೊಬೈಲು. ಬಿಸಿಬಿಸಿ ಸುರಿದೆ, ಕಾಫಿಪುಡಿಯ ಗಾಜಿನ ಜಾಡಿ ಟಪ್ ಎಂದು ಎರಡಾಯಿತು. ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದೆ, ಅದು ಸೊಂಟ ಮುರಿದುಕೊಂಡು ಕೂತುಬಿಟ್ಟಿತು. ಭರಣಿಗೆ ಒಂದು ಸೌಟು ಹಾಕಿ ನೆಕ್ಕಿ ನೋಡಿದೆ: ನಾಲಿಗೆಗೆ ಬೆಲ್ಲ, ಗಂಟಲಿಗೆ ಮಾವಿನಕಾಯಿ ಉಪ್ಪಿನಕಾಯಿ! ಕೊನೆಗೆ ಅಟ್ಟ ಹತ್ತಿ ಐದು ಸ್ಟೀಲ್ ಡಬ್ಬಿ ಇಳಿಸಿ, ಉಳಿದ ಬೆಲ್ಲವನ್ನೆಲ್ಲ ತುಂಬಿದೆ. ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿದೆ ನೋಡಿ, ಡಬ್ಬಿಗಳ ಮೈಮೇಲೆ ಅಕ್ಷರಗಳು ಎದ್ದವು!

'ಗಂಗರತ್ನಮ್ಮ ಮತ್ತು ಕುಟುಂಬ, 12-5-96.' ಎದುರು ಮನೆಯವರು! ಇನ್ನೊಂದರಲ್ಲಿ ಬದರೀನಾರಾಯಣರ ಹೆಸರು. ಹೀಗೆ ನಾಲ್ಕರಲ್ಲಿ ಬೀದಿಯ ನಾಲ್ಕು ಮನೆಯವರು. ಬೀದಿಯವರ ಮಾತು ನಿಜವೇ ಆಗಿತ್ತು! ವಿಚಿತ್ರವೆಂದರೆ ನಾಲ್ಕರಲ್ಲೂ ಅದೇ ತಾರೀಕು. ಒಂದೇ ದಿನ ನಾಲ್ಕು ಮನೆಯ ಡಬ್ಬಿ ತಂದಿದ್ದೇವೆಂದರೆ ಅಂದು ನಮ್ಮ ಮನೆಯಲ್ಲಿ ಏನು ನಡೆದಿರಬಹುದು? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಐದನೆಯದರಲ್ಲಿ 'ರಾಘವ-ಸುಪ್ರಜಾ, 3-2-08' ಎಂದಿತ್ತು. ಸದ್ಯ, ಒಂದಾದರೂ ನಮ್ಮದು! ಅದನ್ನು ಅತ್ತೆಗೆಂದು ಇಟ್ಟುಕೊಂಡೆ. ಉಳಿದವನ್ನು ಬರಿದಾಗಿ ಕೊಡುವುದುಂಟೇ? ಬೆಲ್ಲದ ಸಮೇತ ನಾಲ್ಕೂ ಮನೆಗೆ ತಲುಪಿಸಿ, "ತಡವಾಯ್ತು, ಕ್ಷಮಿಸಿ" ಎಂದು ಕೈಮುಗಿದು ಬಂದೆ. ಎಲ್ಲರೂ ಏಕೋ ನನ್ನ ಮುಖವನ್ನೇ ನೋಡಿದರು.

ಅತ್ತೆ ಬಂದರು. ತಟ್ಟೆಗೆ ದೋಸೆ ಬಿತ್ತು. ನಾನು ಪರಾಕ್ರಮವನ್ನು ವರ್ಣಿಸಿದೆ. ಸುಪ್ರಜಾ ದೋಸೆ ಮಗುಚುವುದನ್ನು ನಿಲ್ಲಿಸಿದಳು.

"ಹನ್ನೆರಡನೇ ಮೇ, ತೊಂಬತ್ತಾರು. ಏನಾಯ್ತು ರೀ ಅವತ್ತು?"

"ಅದೇ ಗೊತ್ತಾಗ್ತಿಲ್ಲ ಕಣೇ."

"ನಿಮ್ಮ ಮದುವೆ ಆಯ್ತು. ನನ್ನ ಜೊತೆ."

ನಾನು ಹಿಂದಿರುಗಿಸಿದ್ದು ಸಾಲ ತಂದ ಡಬ್ಬಿಗಳನ್ನಲ್ಲ, ಮದುವೆಯ ಉಡುಗೊರೆಗಳನ್ನು! ಹೆಸರು ಕೆತ್ತಿಸಿದ್ದು ಕೊಟ್ಟವರು. ಅಷ್ಟರಲ್ಲಿ ಗಂಗರತ್ನಮ್ಮನವರೇ ಡಬ್ಬಿ ಹಿಡಿದು ಒಳಗೆ ಬಂದರು. ಬೆಲ್ಲವನ್ನು ತಮ್ಮ ಭರಣಿಗೆ ಸುರಿದುಕೊಂಡು, ಡಬ್ಬಿಯ ತುಂಬ ಕಡ್ಲೆಪುರಿ ತುಂಬಿ ತಂದಿದ್ದರು.

"ಇಪ್ಪತ್ತೊಂಬತ್ತು ವರ್ಷ ಆದ್ಮೇಲೆ ಮುಯ್ಯಿ ವಾಪಸ್ ಕೊಟ್ಯಲ್ಲಪ್ಪ, ನಮ್ಮಿಂದ ಏನು ತಪ್ಪಾಯ್ತು?" ಎಂದರು. ಸುಪ್ರಜಾ ನನ್ನ ಬುದ್ಧಿಮಟ್ಟವನ್ನು ವಿವರಿಸಿ ಅವರನ್ನು ಸಮಾಧಾನಪಡಿಸಿದಳು. ಅವರು ಕಡ್ಲೆಪುರಿಯ ಡಬ್ಬಿ ಇಟ್ಟು, ನಕ್ಕು ಹೊರಟವರು, ಅತ್ತೆಯ ತಟ್ಟೆಯ ಪಕ್ಕದ ಡಬ್ಬಿಯನ್ನು ಕಂಡು ನಿಂತರು.

"ಅರೆ, ಇದು ಇಲ್ಲಿದ್ಯಾ? ನಮ್ಮ ಗೃಹಪ್ರವೇಶಕ್ಕೆ ನೀವು ಕೊಟ್ಟಿದ್ದು. ಚಟ್ನಿಪುಡಿ ಹಾಕಿ ಕಳಿಸಿದ್ದೆ, ಆಮೇಲೆ ಹುಡುಕ್ತಾನೇ ಇದೀನಿ."

ನಮ್ಮ ಹೆಸರಿನ ಒಂದೇ ಒಂದು ಡಬ್ಬಿ, ಅದೂ ಅವರದು! ಮಾನ ಹೋಗುವ ಹೊತ್ತಿನಲ್ಲಿ ಬುದ್ಧಿ ಎಲ್ಲಿರುತ್ತದೆ? ಅತ್ತೆಯ ಚಮಚ ಡಬ್ಬಿಯೊಳಗೆ ಇಳಿಯುವಷ್ಟರಲ್ಲಿ ಮುಚ್ಚಳ ಒತ್ತಿ, "ತಗೊಳ್ಳಿ, ತಗೊಳ್ಳಿ" ಎಂದು ಅವರ ಮನೆಯವರೆಗೂ ಹೊತ್ತು, ಅಡುಗೆಮನೆಯಲ್ಲಿ ಇಟ್ಟೇ ಬಂದೆ.

ಹಿಂದಿರುಗಿದಾಗ ಅತ್ತೆ ಬರೀ ದೋಸೆಯ ಮುಂದೆ ಕೂತಿದ್ದರು.

"ಪರವಾಗಿಲ್ಲ, ಅಳಿಯಂದಿರೇ" ಎಂದರು, "ಕಾಯ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಡೀ ಬೀದಿಗೆ ಹಂಚಿದವನ ಮನೆಯಲ್ಲಿ ಒಂದು ದೋಸೆಗೆ ಬೆಲ್ಲವಿಲ್ಲ! ಎದುರು ಮನೆಯಲ್ಲೇ ಕೇಳಿ ತರುವುದಕ್ಕೆ ಹೊರಟವನು ಹೊಸ್ತಿಲಲ್ಲಿ ನಿಂತು, ಬೆಳಗಿನಿಂದ ಕಾಡುತ್ತಿದ್ದ ಪ್ರಶ್ನೆಯನ್ನೇ ಮತ್ತೆ ಕೇಳಿದೆ: "ಯಾತರಲ್ಲಿ ತರಲಿ?"

ಸುಪ್ರಜಾ ಕಡ್ಲೆಪುರಿಯನ್ನು ಮೊರಕ್ಕೆ ಸುರಿದಳು. ಗಂಗರತ್ನಮ್ಮನವರ ಹೆಸರಿನ ಡಬ್ಬಿಯನ್ನು, ತಾರೀಕು ನನ್ನ ಕಣ್ಣಿಗೆ ಕಾಣುವಂತೆ ತಿರುಗಿಸಿ, ಕೈಗಿಟ್ಟಳು. ಆ ದಿನ ಕೊನೆಯ ಸಲ ನಾನು ಮನೆಯಿಂದ ಹೊರಬಿದ್ದೆ. ಗೇಟು ದಾಟುವಾಗ ಇಡೀ ಬೀದಿಗೆ ಕೇಳುವಂತೆ ಹಿಂದಿನಿಂದ ಅವಳ ದನಿ ಬಂತು:

"ರೀ, ಬೆಲ್ಲ ಸಿಗದಿದ್ರೂ ಸರಿ, ಡಬ್ಬಿ ವಾಪಸ್ ತನ್ನಿ. ಆ ಮನೆಗೆ ಹೋಗಿದ್ದು ಬರೋದೇ ಇಲ್ಲ."