ಶಿವನ ಹಾಡಿಗೆ ಮದುವೆ ಮಿಕ್ಸಿಂಗ್

ಕಾನ್ವೆಂಟಿನಲ್ಲಿ ಓದಿ, ನೆಟ್ಟಗೆ ಕೂತು, ಮುಖ ಗಂಟಿಕ್ಕಿಕೊಂಡಿರುವ ಹೆಂಗಸು ಊರಿಗೊಬ್ಬಳಿದ್ದರೆ, ಜನ ತಮ್ಮ ಅಸಂಬದ್ಧಗಳನ್ನೆಲ್ಲ ತಪ್ಪದೆ ಅವಳ ಮುಂದೆಯೇ ತಂದಿಡುತ್ತಾರೆ.

ತೊಂಬತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿದ್ದೆ. ಊರಿಗೆ ಕೇಬಲ್ ಟಿವಿ ಬಂದ ಹೊಸತು. ಮದುವೆ ವಿಡಿಯೋ ತೆಗೆಯುವವನೊಬ್ಬ ಕ್ಯಾಸೆಟ್ ಹಿಡಿದು ಬಂದ. ಶಿವಭಕ್ತಿಯ ಹಾಡೊಂದಕ್ಕೆ ಚಿತ್ರ ಮಾಡಿದ್ದನಂತೆ. ಅದು ಶಿವರಾತ್ರಿಗೆ ಕೇಬಲ್ಲಿನಲ್ಲಿ ಬಂದರೆ ಅವನು ಡೈರೆಕ್ಟರ್. ಬಾರದಿದ್ದರೆ ಸಾಯುವತನಕ ಮದುವೆ ವಿಡಿಯೋದವನು. ಕೇಬಲ್ ಮಾಲೀಕರು ಮಾತ್ರ, "ಎಲ್ಲಾ ಸೀನಿಗೂ ಅರ್ಥ ಅದೆ ಅಂತ ಆ ಮೇಟ್ರನ್ನಮ್ಮ ಬರ್ದು ರುಜು ಹಾಕ್ಲಿ, ಆಮ್ಯಾಕೆ ಹಾಕ್ತೀನಿ" ಅಂದಿದ್ದರಂತೆ.

ಹಾಸ್ಟೆಲಿನ ಟಿವಿ ಮುಂದೆ ನೋಟ್‌ಬುಕ್ ಹಿಡಿದು ಕೂತೆ.

ಜಿಂಕೆ

ಮೊದಲ ದೃಶ್ಯ ಬಂಡೀಪುರ. ಭಕ್ತೆ ಕಣ್ಣು ಮುಚ್ಚಿ ಧ್ಯಾನಿಸುತ್ತಿದ್ದಾಳೆ. ಹಿಂದೆ ಒಂದು ಜಿಂಕೆ ಬಂದು ನಿಂತಿತು, ಕ್ಯಾಮೆರಾವನ್ನೇ ದಿಟ್ಟಿಸಿತು, ಬಾಲ ಎತ್ತಿ ತನ್ನ ಕೆಲಸ ಮುಗಿಸಿ ಹೋಯಿತು.

"ಇದು ಯಾವುದರ ಸಂಕೇತ?"

"ಮನಸ್ಸು, ಮೇಡಮ್ಮೋರೆ. ಚಂಚಲ."

"ಕೊನೆಗೆ ಅದು ಮಾಡಿದ್ದು?"

ತಲೆ ಕೆರೆದುಕೊಂಡ. "ಅದು ಪಾಪ ಕಳ್ಕೊಂಡಿದ್ದು."

ಹೃದಯ

ಲಿಂಗಕ್ಕೆ ಹಾಲೆರೆಯುವ ದೃಶ್ಯ. ಲಿಂಗದ ಸುತ್ತ ದೊಡ್ಡ ಕೆಂಪು ಹಾರ್ಟು, ಅಕ್ಕಪಕ್ಕ ಮುತ್ತಿಕ್ಕುವ ಪಾರಿವಾಳ, ಮೇಲಿಂದ ಗುಲಾಬಿ ಮಳೆ. ನನ್ನ ಪೆನ್ನು ನಿಂತೇ ಹೋಯಿತು.

"ಈಶ್ವರನಿಗೆ ಇದು ಬೇಕಿತ್ತೇನಪ್ಪ?"

"ಮದ್ವೆ ವಿಡಿಯೋ ಮಿಕ್ಸಿಂಗ್ ಮಿಷನ್ನಲ್ಲಿ ಇರೋದೇ ಎಲ್ಡು ಡಿಸೈನು, ಮೇಡಮ್ಮೋರೆ."

"ಇನ್ನೊಂದನ್ನು ಹಾಕಬಹುದಿತ್ತಲ್ಲ."

"ಅದ್ರಲ್ಲಿ ಹ್ಯಾಪಿ ಬರ್ತ್‌ಡೇ ಅಂತ ಬರ್ದದೆ. ಶಿವ ಹುಟ್ಟಿದೋನಲ್ವಲ್ಲ, ಅದ್ಕೇ ಬುಟ್ಬುಟ್ಟೆ."

ವೈರಾಗ್ಯ

ಹಾಡು ವೈರಾಗ್ಯದ್ದು. ಭಕ್ತೆ ಮಾತ್ರ ಐದು ನಿಮಿಷದಲ್ಲಿ ಒಂಬತ್ತು ಸೀರೆ ಬದಲಾಯಿಸಿದಳು. ಒಂದರಲ್ಲಿ ಅಂಗಡಿಯ ಚೀಟಿ ಇನ್ನೂ ಸೆರಗಿನಲ್ಲಿ ನೇತಾಡುತ್ತಿತ್ತು.

"ಚಾಮರಾಜನಗರದ ಸೀರೆ ಅಂಗಡಿಯೋರು ಬಾಡಿಗೆ ಇಲ್ದೆ ಕೊಟ್ರು. ಒಂದೂ ಬುಡ್ದಂಗೆ ತೋರಿಸ್ಬೇಕು ಅಂದ್ರು" ಎಂದ.

"ಹಾಗಾದರೆ ತ್ಯಾಗ ಎಲ್ಲಿ ಬಂತು?"

"ಸಾಯಂಕಾಲ ಎಲ್ಲಾನೂ ವಾಪಸ್ ಕೊಟ್ವಲ್ಲ!"

ಜೀವಾತ್ಮ

ಇದಕ್ಕೆ ನಾನು ರುಜು ಹಾಕುವುದಿಲ್ಲ ಎಂದೆ. ಅವನು ಹೋಗಿ ಕೇಬಲ್ ಮಾಲೀಕರನ್ನೇ ಕರೆತಂದ. ಬಿಳಿ ಪಂಚೆ ಉಟ್ಟ ಆ ಹಿರಿಯರು ಕುರ್ಚಿ ತುಂಬ ಕೂತು ಮತ್ತೆ ಮೊದಲಿನಿಂದ ಹಾಕಿಸಿದರು. ಅಡಿಗೆಯವಳೂ ಸೌಟು ಹಿಡಿದು ಬಾಗಿಲಲ್ಲಿ ನಿಂತಳು.

ಭಕ್ತೆ ಕೈಮುಗಿದಳು, ಗಂಟೆ ಮೊಳಗಿತು, ಹಾಡು ಮುಗಿಯಿತು. ಮೊದಲ ಸಲದಂತೆ ನಾನು ಎದ್ದು ಟಿವಿ ಆರಿಸುವ ಮೊದಲೇ ಬಾಳೆ ಎಲೆಯ ಮುಂದೆ ಕೂತ ದಪ್ಪ ಮನುಷ್ಯನೊಬ್ಬ ಕಾಣಿಸಿಕೊಂಡು ಪಾಯಸವನ್ನು ಸೊರ್ರನೆ ಸುರಿಯತೊಡಗಿದ. ವಿಡಿಯೋದವನ ಮುಖ ಬಿಳಿಚಿತು. ಹಳೆಯ ಮದುವೆ ಕ್ಯಾಸೆಟ್ಟಿನ ಮೇಲೆಯೇ ಹಾಡು ತುಂಬಿಸಿದ್ದ; ಉಳಿದದ್ದನ್ನು ಅಳಿಸಿರಲಿಲ್ಲ.

ಮಾಲೀಕರು ಮಾತ್ರ ತಲೆದೂಗಿದರು. "ನೋಡಿ ಮೇಡಂ, ಇದು ಜೀವಾತ್ಮ. ಎಷ್ಟು ಉಂಡ್ರೂ ತೃಪ್ತಿ ಇಲ್ಲ. ಏನ್ ಕಲ್ಪನೆ ಕಣ್ಲಾ ನಿಂದು!"

ಇಷ್ಟು ಬೇಗ ಅರ್ಥ ಹೊಳೆಯುವುದು ಏನೂ ಓದದವರಿಗೆ ಮಾತ್ರ.

"ಅಯ್ಯೋ, ಜೀವಾತ್ಮ ಅಲ್ಲ ಸಾಮಿ, ನಮ್ ಭಾವ!" ಬಾಗಿಲಿನಿಂದ ಅಡಿಗೆಯವಳು ಕೂಗಿದಳು. "ಬೇಗೂರಲ್ಲಿ ನಮ್ ತಂಗಿ ಮದ್ವೆ. ಮೂರ್ನೇ ಸಲ ಪಾಯ್ಸ ಹಾಕಿಸ್ಕೊಂಡವ್ನೆ!"

ಮಾಲೀಕರು ಕೆಂಪಾಗಿ ಎದ್ದರು. "ನನ್ ಮಾನ ಕಳೀತಿಯೇನ್ಲಾ? ಹಾಕಕ್ಕಿಲ್ಲ, ಓಗು!"

ವಿಡಿಯೋದವನು ಅಳುವುದೊಂದು ಬಾಕಿ. "ಊಟದ್ದು ಕತ್ತರಿಸ್ಬುಡ್ತೀನಿ ಸಾಮಿ, ಹಾಡು ಹಾಕಿ..."

"ಅದ್ಯಾಕ್ ಕತ್ತರಿಸ್ತೀಯೆ?" ಅಡಿಗೆಯವಳು ಒಳಗೇ ಬಂದಳು. "ಬೇಗೂರಲ್ಲಿ ಇವ್ರ ಕೇಬಲ್ ಇರೋ ಮನೆಯೋರೆಲ್ಲ ಆ ಪಂಕ್ತೀಲೇ ಕುಂತವ್ರೆ. ಮುಂದಿನ ಪಂಕ್ತಿಯೋರೂ ತಮ್ ಮುಖ ಟಿವೀಲಿ ನೋಡಕ್ಕೆ ನಾಳೇನೇ ಕೇಬಲ್ ಹಾಕಿಸ್ಕೊತಾರೆ!"

ಮಾಲೀಕರು ಮೆಲ್ಲನೆ ಮತ್ತೆ ಕೂತರು. ಬೇಗೂರಿನ ಮನೆಗಳನ್ನು ಬೆರಳಲ್ಲಿ ಎಣಿಸಿ ವಿಡಿಯೋದವನ ಕಡೆ ತಿರುಗಿದರು.

"ಶಿವರಾತ್ರಿಗೆ ಹಾಕ್ತೀನಿ ಕಣ್ಲಾ. ಟೈಮ್ ಸಾಲ್ದಿದ್ರೆ ಹಾಡು ಕತ್ತರ್ಸು. ಊಟ ಮಾತ್ರ ಮುಟ್ಬ್ಯಾಡ."